ಕಡ್ಡಿಕಟ್ಟಾ, ಬ್ಲಾಕಾ, ಮಣಿಚೌಕಟ್ಟಾ: ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳ್ಕೊಡೋಕೆ ಯಾವ್ದು ಯಾವಾಗ

ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸೋಕೆ ಏನ್ ತಗೊಳ್ಳೋದು, ಅಬಾಕಸ್ ಒಳ್ಳೇದಾ, ಬಣ್ಣದ ಕಡ್ಡಿ ಒಳ್ಳೇದಾ, ಮಗ್ಗಿ ಉರು ಹೊಡೆಸ್ಬೇಕಾ ಬೇಡ್ವಾ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಒಂದೇ ಪ್ರಶ್ನೆ ಕೇಳ್ತೀನಿ, ಮಗು ಎಲ್ಲಿ ತಪ್ಪು ಮಾಡ್ತಿದೆ ಅಂತ. ಮುಕ್ಕಾಲು ಪಾಲು ಜನಕ್ಕೆ ಇದು ಗೊತ್ತಿರಲ್ಲ. "ಲೆಕ್ಕದಲ್ಲಿ ವೀಕು" ಅಂತಾರೆ ಅಷ್ಟೇ. ವೀಕು ಅನ್ನೋದು ತಪ್ಪಿನ ಹೆಸರಲ್ಲ ರೀ. 52ರಲ್ಲಿ 27 ಕಳೆದ್ರೆ 35 ಅಂತ ಬರೆಯೋ ಮಗುಗೆ ಬೇಕಾದ ಸಾಮಾನೇ ಬೇರೆ, 8ಕ್ಕೆ 5 ಕೂಡ್ಸೋಕೆ ಮತ್ತೆ ಒಂದರಿಂದ ಬೆರಳು ಎಣಿಸೋ ಮಗುಗೆ ಬೇಕಾದ್ದೇ ಬೇರೆ. ಹಾಗಾಗಿ ಕೆಳಗಿರೋದನ್ನ ಯಾವ್ದು ಬೆಸ್ಟು ಅಂತ ಓದ್ಬೇಡಿ, ಯಾವ ತಪ್ಪಿಗೆ ಯಾವ್ದು ಅಂತ ಓದಿ.

ಮೊದಲು ಎಣಿಕೆ ಬರುತ್ತಾ ನೋಡ್ಕೊಳ್ಳಿ

ನೂರರ ತನಕ ಗಡಗಡ ಹೇಳೋ ಮಗುಗೆ ಎಣಿಕೆ ಬರುತ್ತೆ ಅಂತ ಅಂದ್ಕೊಳ್ಳೋದು ದೊಡ್ಡ ಮೋಸ. ಅದು ಪದ್ಯ ಹೇಳಿದ ಹಾಗೆ ಹೇಳ್ತಿರ್ಬಹುದು. ಏಳು ಬಾಟಲ್ ಮುಚ್ಚಳ ಇಡಿ, ಎಣಿಸು ಅನ್ನಿ, ಮುಟ್ಟಿ ಮುಟ್ಟಿ ಏಳು ಅಂತ ನಿಲ್ಲಿಸುತ್ತೆ. ಈಗ "ಎಷ್ಟಿದೆ?" ಅಂತ ಕೇಳಿ. ಕೆಲವು ಮಕ್ಕಳು ಏಳು ಅನ್ನಲ್ಲ, ಮತ್ತೆ ಒಂದರಿಂದ ಶುರು ಮಾಡ್ತಾರೆ! ಅಂದ್ರೆ ಕೊನೇಲಿ ಹೇಳಿದ ಪದವೇ ಒಟ್ಟು ಅಂತ ಅವರಿಗೆ ಇನ್ನೂ ಹೊಳೆದಿಲ್ಲ. ರೋಚೆಲ್ ಗೆಲ್ಮನ್ ಮತ್ತು ರ್‍ಯಾಂಡಿ ಗ್ಯಾಲಿಸ್ಟೆಲ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1978ರಲ್ಲಿ ಎಣಿಕೆಯ ಹಿಂದೆ ಇರೋ 5 ನಿಯಮ ಅಂತ ಬರೆದ್ರಲ್ಲ, ಅದರಲ್ಲಿ ಇದೂ ಒಂದು. ಒಂದು ವಸ್ತುಗೆ ಒಂದೇ ಪದ, ಪದಗಳ ಕ್ರಮ ಬದಲಾಗಲ್ಲ, ಕೊನೇ ಪದವೇ ಒಟ್ಟು, ಏನನ್ನ ಬೇಕಾದ್ರೂ ಎಣಿಸ್ಬಹುದು, ಎಲ್ಲಿಂದ ಶುರು ಮಾಡಿದ್ರೂ ಅಷ್ಟೇ ಬರುತ್ತೆ. ಆಮೇಲೆ ಅದೇ ಏಳು ಮುಚ್ಚಳನ ದೂರ ದೂರ ಹರಡಿ "ಈಗ ಜಾಸ್ತಿ ಆಯ್ತಾ?" ಅಂತ ಕೇಳಿ. ಹೌದು ಅಂದ್ರೆ (ಮಕ್ಕಳ ಯೋಚನೆ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಮಾಡ್ತಿದ್ದ ಹಳೇ ಪರೀಕ್ಷೆ ಇದು) ಕೂಡೋದು ಕಳೆಯೋದು ಎಲ್ಲ ಪಕ್ಕಕ್ಕಿಟ್ಟು ಇನ್ನೊಂದಷ್ಟು ದಿನ ಬರೀ ಎಣಿಸ್ಲಿ. ಈ ಹಂತಕ್ಕೆ ಕಲ್ಲು, ಗುಂಡಿ, ಮುಚ್ಚಳ, ಕಡ್ಡಿ ಯಾವ್ದಾದ್ರೂ ನಡೆಯುತ್ತೆ, ಇದಕ್ಕೆ ಅಂತ ಯಾವ ಕಿಟ್ಟೂ ಬೇಡ.

ಬೆರಳು, ಸಂಖ್ಯಾರೇಖೆ, ಹತ್ತು ಮನೆ ಚೌಕ

ಬೆರಳಲ್ಲಿ ಎಣಿಸ್ಬೇಡ ಅಂತ ಬೈಯೋದನ್ನ ದಯವಿಟ್ಟು ಬಿಡಿ. ಬೈದ್ರೆ ಮಗು ಎಣಿಸೋದು ಬಿಡಲ್ಲ, ಕೈ ಡೆಸ್ಕ್ ಕೆಳಗೆ ಹೋಗುತ್ತೆ ಅಷ್ಟೇ. ಒಂದು ಹುಡುಗಿ ಇದ್ಳು, ಕೈ ಕಾಣೋ ಹಾಗೆ ಮೇಜಿನ ಮೇಲೇ ಇಟ್ಕೊಂಡಿರ್ತಿದ್ಳು, ಬೆರಳು ಅಲ್ಲಾಡ್ತಿರ್ಲಿಲ್ಲ, ನಾನೂ ಪರವಾಗಿಲ್ವೇ ಬಾಯಲ್ಲೇ ಮಾಡ್ತಾಳೆ ಅಂದ್ಕೊಂಡಿದ್ದೆ, ಎಷ್ಟೋ ದಿನ ಆದ್ಮೇಲೆ ಗೊತ್ತಾಯ್ತು ಶೂ ಒಳಗೆ ಕಾಲ್ಬೆರಳು ಒತ್ತಿ ಒತ್ತಿ ಎಣಿಸ್ತಿದ್ಳು ಅಂತ. ಬೆರಳಿನ ದೊಡ್ಡ ಗುಣ ಅಂದ್ರೆ ಐದು ಐದು ತಾನಾಗೇ ಗುಂಪಾಗಿರೋದು. ಸಮಸ್ಯೆ ಹತ್ತು ದಾಟಿದಾಗ ಶುರು. 8+5ಕ್ಕೆ ಬೆರಳು ಸಾಲಲ್ಲ, ಆಗ ಮಗು ಮನಸ್ಸಲ್ಲಿ ಎಂಟು ಇಟ್ಕೊಂಡು ಒಂಬತ್ತು ಹತ್ತು ಹನ್ನೊಂದು ಅಂತ ಮುಂದಕ್ಕೆ ಹೋಗೋದನ್ನ ಕಲಿಯುತ್ತೆ. ಅದು ಹಿಂದುಳಿಯೋದಲ್ಲ, ಒಂದು ಮೆಟ್ಟಿಲು ಹತ್ತಿದ ಹಾಗೆ.

ಈ ಮುಂದಕ್ಕೆ ಎಣಿಸೋದನ್ನ ಕಲಿಸೋಕೆ ಸಂಖ್ಯಾರೇಖೆ (ಒಂದು ಗೆರೆ ಮೇಲೆ ಸಾಲಾಗಿ ಅಂಕಿ ಗುರುತು ಹಾಕಿರೋದು) ಚೆನ್ನಾಗಿರುತ್ತೆ, ಆದ್ರೆ ಅದಕ್ಕೂ ಒಂದು ತೊಡಕು ಇದೆ. ಮಗು 8ರ ಮೇಲೆ ಬೆರಳಿಟ್ಟು ಅದನ್ನೇ "ಒಂದು" ಅಂತ ಶುರು ಮಾಡುತ್ತೆ, ಉತ್ತರ 12 ಬರುತ್ತೆ. ಯಾವಾಗ್ಲೂ ಒಂದು ಕಮ್ಮಿ ಬರ್ತಿದ್ರೆ ಇದೇ ಕಾರಣ ಅಂತ ಕಣ್ಮುಚ್ಕೊಂಡು ಹೇಳ್ಬಹುದು. ರೇಖೆ ಮೇಲೆ ಎಣಿಸ್ಬೇಕಾದ್ದು ಚುಕ್ಕೆನಲ್ಲ, ಜಿಗಿತನ. ಅದಕ್ಕೇ ಒಂದು, ಎರಡನೇ ಕ್ಲಾಸಿಗೆ ರೇಖೆಗಿಂತ ಮನೆ ಮನೆ ಹಾಕಿರೋ ಪಟ್ಟಿ ವಾಸಿ, ದಾಳ ಹಾಕಿ ಕಾಯಿ ನಡೆಸೋ ಹಾಗೆ. 2008ರಲ್ಲಿ ಗೀತಾ ರಮಣಿ, ರಾಬರ್ಟ್ ಸೀಗ್ಲರ್ ಅನ್ನೋ ಸಂಶೋಧಕರು ಶಾಲೆಗೆ ಸೇರೋಕೆ ಮುಂಚಿನ ಮಕ್ಕಳ ಹತ್ರ 1ರಿಂದ 10ರ ನೇರ ಪಟ್ಟಿ ಆಟ ಆಡಿಸಿ ನೋಡಿದ್ರು, ಸಂಖ್ಯೆಯ ಅಂದಾಜು ಚೆನ್ನಾಗೇ ಸುಧಾರಿಸ್ತು. ಅದರಲ್ಲಿ ಒಂದು ಸಣ್ಣ ನಿಯಮ ಇದೆ, ಅದೇ ಜೀವ: ಕಾಯಿ 3ರಲ್ಲಿದ್ದು 2 ಬಿದ್ರೆ "ಒಂದು, ಎರಡು" ಅಂತ ನಡೆಸೋ ಹಾಗಿಲ್ಲ, "ನಾಲ್ಕು, ಐದು" ಅಂತ ಹೇಳ್ಕೊಂಡೇ ನಡೆಸ್ಬೇಕು. ಮನೇಲಿ ಆಡ್ಸೋವಾಗ ಇದೊಂದನ್ನ ಹಿಡ್ಕೊಳ್ಳಿ ಸಾಕು.

ಇನ್ನು ಎರಡು ಸಾಲು, ಸಾಲಿಗೆ ಐದು ಮನೆ ಇರೋ ಚೌಕ. ಪೇಪರ್ ಮೇಲೆ ಗೆರೆ ಎಳೆದ್ರೆ ಮುಗೀತು. ಅದರಲ್ಲಿ 8 ಮುಚ್ಚಳ ಇಟ್ರೆ ಖಾಲಿ ಇರೋ ಎರಡು ಮನೆ ಕಣ್ಣಿಗೆ ಹೊಡೆಯುತ್ತೆ. 5ರಲ್ಲಿ ಎರಡು ತೆಗೆದು ಅಲ್ಲಿ ತುಂಬು, ಹತ್ತಾಯ್ತು, ಹೊರಗೆ ಮೂರು, ಹದಿಮೂರು. ಸಂಖ್ಯಾರೇಖೆ ಮಗುನ ಒಂದೊಂದೇ ಹೆಜ್ಜೆ ನಡೆಸುತ್ತೆ, ಚೌಕ ಹತ್ತು ತುಂಬಿಸಿ ದಾಟೋದನ್ನ ಕಲಿಸುತ್ತೆ. ಎರಡರಲ್ಲಿ ಒಂದೇ ಆರಿಸು ಅಂದ್ರೆ ನಾನು ಚೌಕ ಅಂತೀನಿ. ನೆದರ್ಲೆಂಡ್ಸಲ್ಲಿ ಆಡ್ರಿಯನ್ ಟ್ರೆಫರ್ಸ್ ಅನ್ನೋರು ಮಾಡಿದ ಎರಡು ಸಾಲಿನ ಮಣಿಚೌಕಟ್ಟು ಇದೆಯಲ್ಲ, ಸಾಲಿಗೆ ಐದು ಕೆಂಪು ಐದು ಬಿಳಿ, ಅದೂ ಇದೇ ಕೆಲಸ ಮಾಡುತ್ತೆ, ಮಣಿ ಬಿದ್ದು ಚೆಲ್ಲಾಪಿಲ್ಲಿ ಆಗಲ್ಲ ಅನ್ನೋದು ಎಕ್ಸ್ಟ್ರಾ ಲಾಭ.

ಹತ್ತು ಅನ್ನೋದನ್ನ ತೋರ್ಸೋದು ಹೇಗೆ

ಅಸಲಿ ಕಥೆ ಇಲ್ಲಿದೆ, ಸ್ಥಾನಬೆಲೆ, ಅಂದ್ರೆ ಅಂಕಿ ಕೂತಿರೋ ಜಾಗದಿಂದ ಅದಕ್ಕೆ ಬರೋ ಬೆಲೆ. ಇಲ್ಲಿ ಎಡವಿದ ಮಗು ಮುಂದೆ ಎಲ್ಲಾ ಕಡೆ ಎಡವುತ್ತೆ.

ನಮ್ಮ ಭಾಷೆ ಸ್ವಲ್ಪ ಸಹಾಯ ಮಾಡುತ್ತೆ, ಸ್ವಲ್ಪ ಕಾಟಾನೂ ಕೊಡುತ್ತೆ. ಇಪ್ಪತ್ತೊಂದು, ಮೂವತ್ತೆರಡು ಅಂದ್ರೆ ಹತ್ತರ ಭಾಗ ಮೊದಲು, ಬಿಡಿ ಆಮೇಲೆ, ಬರೆಯೋ ಕ್ರಮವೂ ಅದೇ. ಹದಿನಾಲ್ಕರಲ್ಲೂ ಹತ್ತೇ ಮೊದಲು ಬರುತ್ತೆ, ಇಂಗ್ಲಿಷಿನ ಫೋರ್ಟೀನಲ್ಲಿ ನಾಲ್ಕು ಮೊದಲು ಕೇಳ್ಸುತ್ತೆ, ಅದಕ್ಕೇ ಇಂಗ್ಲಿಷಲ್ಲಿ ಕಲಿಯೋ ಮಕ್ಕಳು ಫೋರ್ಟೀನ್ ಅಂದ್ರೆ 41 ಅಂತ ಬರೆಯೋದು. ಆದ್ರೆ ಹನ್ನೊಂದು, ಹನ್ನೆರಡರಲ್ಲಿ ಹತ್ತು ಅಡಗಿ ಕೂತಿದೆ, ಮಗು ಕಿವಿಗೆ ಬೀಳಲ್ಲ. ಎಂಬತ್ತೊಂಬತ್ತು ತೊಂಬತ್ತೆಂಟು ಅಂತೂ ದೊಡ್ಡೋರ ನಾಲಿಗೇನೂ ತೊಡರಿಸುತ್ತೆ. ಇನ್ನು ನೂರಾ ಐದು ಬರಿ ಅಂದ್ರೆ 1005 ಅಂತ ಬರೆಯೋದು, ನೂರು ಬರೆದೆ, ಪಕ್ಕದಲ್ಲಿ ಐದು ಬರೆದೆ, ಕೇಳಿದ ಹಾಗೇ ಬರೆದಿದೀನಲ್ಲ ಅನ್ನೋ ಮುಖ! ತಪ್ಪಲ್ಲೂ ಎಂಥಾ ನ್ಯಾಯ ಇದೆ ನೋಡಿ.

ಇದಕ್ಕೆ ಮುಖ್ಯವಾಗಿ ನಾಲ್ಕು ಸಾಮಾನು ಸಿಗುತ್ತೆ. ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಕಟ್ಟು, ಡೀನ್ಸ್ ಬ್ಲಾಕು, ಬಣ್ಣದ ಕ್ಯೂಸೆನೇರ್ ಕಡ್ಡಿ, ಮತ್ತೆ ನಿಲುವು ಕಂಬಿಯ ಅಬಾಕಸ್, ಅಂದ್ರೆ ಬಿಡಿ ಹತ್ತು ನೂರು ಅಂತ ಒಂದೊಂದು ಕಂಬಿಗೆ ಮಣಿ ಹಾಕೋದು.

ಕಡ್ಡಿಕಟ್ಟಲ್ಲಿ ಹತ್ತನ್ನ ಮಗುವೇ ಎಣಿಸಿ ಮಗುವೇ ಕಟ್ಟುತ್ತೆ, ಬೇಕಾದಾಗ ಬಿಚ್ಚುತ್ತೆ. ಒಂದು ಹತ್ತು ಅಂದ್ರೂ ಹತ್ತು ಬಿಡಿ ಅಂದ್ರೂ ಒಂದೇ ಅನ್ನೋದನ್ನ ಇಷ್ಟು ನೇರವಾಗಿ ಬೇರೆ ಯಾವ್ದೂ ತೋರ್ಸಲ್ಲ. ನೂರರ ಮೇಲೆ ಹೋದ್ರೆ ಮಾತ್ರ ರಗಳೆ, 346 ಕಡ್ಡಿ ಯಾರು ಎಣಿಸ್ತಾರೆ.

ಗಣಿತಜ್ಞ ಜೋಲ್ತಾನ್ ಡೀನ್ಸ್ ಹೆಸರಿನ ಬ್ಲಾಕಲ್ಲಿ ಒಂದರ ಸಣ್ಣ ಘನ, ಹತ್ತರ ಕೋಲು, ನೂರರ ಹಲಗೆ, ಸಾವಿರದ ದೊಡ್ಡ ಘನ. ಗಾತ್ರ ಸುಳ್ಳು ಹೇಳಲ್ಲ, ನೂರರ ಹಲಗೆ ನಿಜವಾಗ್ಲೂ ಒಂದರ ನೂರು ಪಟ್ಟು ಇರುತ್ತೆ. ಆದ್ರೆ ಕೋಲನ್ನ ಮುರಿಯೋ ಹಾಗಿಲ್ಲ. ಒಂದು ಕೋಲು ಕೊಟ್ಟು ಹತ್ತು ಸಣ್ಣದು ತಗೋ ಅಂತ ಅದಲು ಬದಲು ಮಾಡ್ಬೇಕು. ನಮಗೆ ಎರಡೂ ಒಂದೇ ಅನ್ಸುತ್ತೆ, ಬಿಚ್ಚೋದಕ್ಕೂ ಬದಲಾಯಿಸೋದಕ್ಕೂ ಏನು ವ್ಯತ್ಯಾಸ ಅಂತ, ಮಗುಗೆ ಭಾರೀ ವ್ಯತ್ಯಾಸ ಇದೆ, ಬದಲಾಯ್ಸೋವಾಗ "ಮೊದಲಿದ್ದದ್ದು ಹೋಯ್ತು, ಬೇರೆ ಬಂತು" ಅಂತ ಅದಕ್ಕೆ ಕಾಣುತ್ತೆ. ಹಾಗಾಗಿ ಬ್ಲಾಕಿಂದ ಶುರು ಮಾಡ್ಬೇಡಿ, ಕಡ್ಡಿಕಟ್ಟಾದ್ಮೇಲೆ ತನ್ನಿ.

ಬಣ್ಣದ ಕಡ್ಡಿನ ಬೆಲ್ಜಿಯಮ್ಮಿನ ಮೇಷ್ಟ್ರು ಜಾರ್ಜ್ ಕ್ಯೂಸೆನೇರ್ ಮಾಡಿದ್ದು, ಆಮೇಲೆ ಕ್ಯಾಲೆಬ್ ಗಟೆನ್ಯೋ ಅನ್ನೋರು ಊರೂರಿಗೆ ಮುಟ್ಟಿಸಿದ್ರು. 1 ಸೆಂಟಿಮೀಟರಿಂದ 10 ಸೆಂಟಿಮೀಟರ್ ತನಕ ಹತ್ತು ಉದ್ದ, ಹತ್ತು ಬಣ್ಣ. ಬಿಳಿ ಒಂದು, ಕೆಂಪು ಎರಡು, ಹಳದಿ ಐದು, ಕಿತ್ತಳೆ ಹತ್ತು. ಇದರಲ್ಲಿ ಗೆರೆ ಇರಲ್ಲ, ಏಳರ ಕಡ್ಡಿ ನೋಡಿದ್ರೆ ಏಳು ಅಂತ ಎಣಿಸೋಕೆ ಬರಲ್ಲ, ಉದ್ದವಾಗಿ ಮಾತ್ರ ಕಾಣುತ್ತೆ. ಎಣಿಕೆ ಸರಿ ಬರದ ಮಗುಗೆ ಇದು ಗೊಂದಲ. ಎಣಿಕೆ ಚೆನ್ನಾಗಿ ಬಂದು ಎಲ್ಲಾದಕ್ಕೂ ಎಣಿಸ್ಕೊಂಡೇ ಕೂರೋ ಮಗುಗೆ ಇದೇ ಔಷಧಿ, ಎಣಿಸೋಕೇ ಬಿಡಲ್ವಲ್ಲ! ಕಿತ್ತಳೆ ಕಡ್ಡಿ ಕೆಳಗೆ ಯಾವ ಎರಡು ಸೇರಿದ್ರೆ ಸಮ ಆಗುತ್ತೆ ಹುಡುಕು ಅಂದ್ರೆ 6+4, 7+3 ಎಲ್ಲ ಆಟದಲ್ಲೇ ಬಂದ್ಬಿಡುತ್ತೆ.

ಕಂಬಿ ಅಬಾಕಸ್ ಬಗ್ಗೆ ನನ್ನ ತಕರಾರು ಇಷ್ಟೇ, ಅದನ್ನ ಎಲ್ಲರೂ ಮೊದಲ ದಿನವೇ ಕೈಗೆ ಕೊಡ್ತಾರೆ. ಹತ್ತರ ಕಂಬಿ ಮಣಿ, ಬಿಡಿ ಕಂಬಿ ಮಣಿ ಎರಡೂ ಒಂದೇ ಸೈಜು. ಯಾಕೆ ಒಂದು ಹತ್ತಾಗುತ್ತೆ ಅಂತ ಮಣಿ ಹೇಳಲ್ಲ, ಜಾಗ ಹೇಳುತ್ತೆ. ನಾವು ಬರೆಯೋ ಅಂಕಿಯೂ ಹಾಗೇ ತಾನೇ, 33ರಲ್ಲಿರೋ 3 ಎರಡೂ ಒಂದೇ ಥರ ಕಾಣುತ್ತೆ. ಅಂದ್ರೆ ಅಬಾಕಸ್ ಪುಸ್ತಕಕ್ಕೆ ಹತ್ತಿರ, ಕೈಗೆ ದೂರ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲಿ ಕೈಯಲ್ಲಿ ಮಾಡೋದು, ಚಿತ್ರದಲ್ಲಿ ನೋಡೋದು, ಚಿಹ್ನೇಲಿ ಬರೆಯೋದು ಅಂತ ಮೂರು ಥರ ಹೇಳಿದ್ರಲ್ಲ, ಆ ಲೆಕ್ಕದಲ್ಲಿ ಅಬಾಕಸ್ಸು ಮೂರನೇದರ ಬಾಗಿಲಲ್ಲಿ ನಿಂತಿದೆ. 205ರ ಸೊನ್ನೆ ಯಾಕೆ ಬೇಕು ಅನ್ನೋದಕ್ಕೆ ಮಾತ್ರ ಅದನ್ನ ಬಿಟ್ಟು ಬೇರೆ ಬೇಡ, ಖಾಲಿ ಕಂಬಿ ಎದುರಿಗೇ ಇರುತ್ತೆ.

(ಬಾಯಲ್ಲೇ ದೊಡ್ಡ ದೊಡ್ಡ ಲೆಕ್ಕ ಮಾಡ್ಸೋ ಕ್ಲಾಸಲ್ಲಿ ಬಳಸೋದು ಜಪಾನಿನ ಸೊರೊಬಾನ್, ಮೇಲೆ ಒಂದು ಮಣಿ ಕೆಳಗೆ ನಾಲ್ಕು. ಸ್ಪೀಡು ಬರುತ್ತೆ, ನಿಜ. ಸ್ಥಾನಬೆಲೆ ಅರ್ಥ ಆಗದಿರೋ ಮಗುಗೆ ಅದು ಪರಿಹಾರ ಅಲ್ಲ, ಇನ್ನೊಂದು ಸಬ್ಜೆಕ್ಟು.)

ಕಳೆಯೋದು: ಸಾಲ ತಗೊಳ್ಳೋದಾ, ಎರಡೂ ಕಡೆ ಹತ್ತು ಸೇರ್ಸೋದಾ, ಮುಂದಕ್ಕೆ ಹೋಗೋದಾ

52−27=35. ಎರಡನೇ ಕ್ಲಾಸಿನ ಅತೀ ಫೇಮಸ್ ತಪ್ಪು. ಎರಡರಲ್ಲಿ ಏಳು ಹೋಗಲ್ಲ, ಸರಿ ಏಳರಲ್ಲೇ ಎರಡು ಕಳೆದ್ರಾಯ್ತು ಅಂತ ತಿರುಗಿಸ್ಬಿಡೋದು. ಒಬ್ಬ ಹುಡುಗ ಹೀಗೇ ಹತ್ತಕ್ಕೆ ಹತ್ತೂ ಲೆಕ್ಕ ಮಾಡ್ಕೊಂಡ್ ಬಂದಿದ್ದ. ನಾನು ಕೆಂಪು ಪೆನ್ನು ಮುಟ್ಲಿಲ್ಲ, ಐದು ಕಟ್ಟು ಎರಡು ಬಿಡಿ ಕಡ್ಡಿ ಕೊಟ್ಟು "ಇಪ್ಪತ್ತೇಳು ನನಗೆ ಕೊಡಪ್ಪ" ಅಂದೆ. ಎರಡು ಕಟ್ಟು ತಕ್ಷಣ ಕೊಟ್ಟ. ಎರಡು ಬಿಡೀನೂ ಕೊಟ್ಟ. ಆಮೇಲೆ ಕೈಯಲ್ಲಿರೋ ಕಟ್ಟನ್ನೇ ನೋಡ್ತಾ ಕೂತ. "ಮಿಸ್, ಇದನ್ನ ಬಿಚ್ಲಾ?" ಅಂದ. "ನಿನ್ ಕಡ್ಡಿ ಕಣೋ, ನನ್ನೇನ್ ಕೇಳ್ತೀಯ" ಅಂದೆ. ರಬ್ಬರ್ ಬ್ಯಾಂಡ್ ಬಿಚ್ಚಿ ಐದು ಎಣಿಸಿ ಕೊಟ್ಟ, ಉಳಿದಿದ್ದನ್ನ ನೋಡಿದ, ಎರಡು ಕಟ್ಟು ಐದು ಬಿಡಿ. ಪುಸ್ತಕ ನೋಡಿದ, 35. ಮತ್ತೆ ಕಡ್ಡಿ ನೋಡಿದ. ಉಳಿದ ಒಂಬತ್ತನ್ನ ಅವನೇ ಎಳ್ಕೊಂಡು ತಿದ್ದಿದ. ಗಮನಿಸಿ, ಅವನು ಮೊದಲು ಕಟ್ಟು ಕೊಟ್ಟು ಆಮೇಲೆ ಬಿಡಿಗೆ ಬಂದ, ಪುಸ್ತಕದಲ್ಲಿ ಬಲಗಡೆಯಿಂದ ಶುರು. ಕೈಯಲ್ಲಿ ಹೇಗೆ ಬಂತೋ ಹಾಗೆ ಮಾಡೋಕೆ ಒಂದೆರಡು ವಾರ ಬಿಡಿ, ಬಲಗಡೆಯಿಂದ ಶುರು ಮಾಡೋ ಸುಖ ಆಮೇಲೆ ಅವರಿಗೇ ಗೊತ್ತಾಗುತ್ತೆ.

ಇದು ಬಿಚ್ಚಿ ಕಳೆಯೋ ದಾರಿ, ನಾವು ಸಾಲ ತಗೊಳ್ಳೋದು ಅಂತೀವಲ್ಲ ಅದು. (ಸಾಲ ಅನ್ನೋ ಪದ ನನಗೆ ಹಿಡಿಸಲ್ಲ, ವಾಪಸ್ ಕೊಡಲ್ವಲ್ಲ ಯಾರೂ! ಬಿಚ್ಚೋದು ಅಂದ್ರೇ ಸರಿ.) ಇನ್ನೊಂದು ಹಳೇ ದಾರಿ ಇದೆ, ಮೇಲಿನ ಬಿಡಿಗೆ ಹತ್ತು ಸೇರ್ಸಿ 12 ಮಾಡೋದು, ಕೆಳಗಿನ ಹತ್ತರ ಸ್ಥಾನಕ್ಕೆ ಒಂದು ಸೇರ್ಸಿ 2ನ್ನ 3 ಮಾಡೋದು. 12ರಲ್ಲಿ 7 ಹೋದ್ರೆ 5, 5ರಲ್ಲಿ 3 ಹೋದ್ರೆ 2, ಅಲ್ಲೂ 25. ಎರಡಕ್ಕೂ ಹತ್ತು ಹತ್ತು ಸೇರ್ಸಿದ್ರೆ ವ್ಯತ್ಯಾಸ ಬದಲಾಗಲ್ಲ ಅನ್ನೋದು ಅದರ ಗುಟ್ಟು. ಗೀಚೋದು ಕಮ್ಮಿ, 500−278 ಥರದ ಸೊನ್ನೆ ಲೆಕ್ಕದಲ್ಲಿ ಆರಾಮು. ಆದ್ರೆ ಏಳೆಂಟು ವರ್ಷದ ಮಗುಗೆ ಆ ಗುಟ್ಟು ಹಿಡಿಯೋದು ಕಷ್ಟ, "ಮೇಲೊಂದು ಕೊಟ್ರೆ ಕೆಳಗೊಂದು" ಅಂತ ಮಂತ್ರ ಆಗ್ಬಿಡುತ್ತೆ. 1949ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಅನ್ನೋ ಸಂಶೋಧಕರು ಮೂರನೇ ಕ್ಲಾಸಿನ ಮಕ್ಕಳ ಮೇಲೆ ಇವೆರಡನ್ನ ಹೋಲಿಸಿದ ಅಧ್ಯಯನ ಪ್ರಕಟಿಸಿದ್ರು, ಅರ್ಥ ಮಾಡಿಸಿ ಕಲಿಸಿದಾಗ ಬಿಚ್ಚೋ ದಾರಿನೇ ಮುಂದೆ ಬಂತು. ನನ್ನ ಅನುಭವಾನೂ ಅದೇ.

ಮೂರನೇದು ಮುಂದಕ್ಕೆ ಹೋಗೋದು. 27ರಿಂದ 30ಕ್ಕೆ 3, 30ರಿಂದ 50ಕ್ಕೆ 20, ಅಲ್ಲಿಂದ 52ಕ್ಕೆ 2, ಒಟ್ಟು 25. ಸಂಖ್ಯಾರೇಖೆಯ ಅಸಲಿ ಜಾಗ ಇದು. 302−298 ಅನ್ನೋದನ್ನ ಒಂದರ ಕೆಳಗೊಂದು ಬರೆದು ಎರಡೆರಡು ಸಲ ಬಿಚ್ಚಿ ಒದ್ದಾಡೋ ಮಗುಗೆ ಇದನ್ನ ಒಂದು ಸಲ ತೋರ್ಸಿ, ನಾಲ್ಕು ಅಂತ ಬಾಯಲ್ಲೇ ಹೇಳುತ್ತೆ. ಎರಡು ಸಂಖ್ಯೆ ಹತ್ರ ಇದ್ರೆ ಮುಂದಕ್ಕೆ ಹೋಗು, ದೂರ ಇದ್ರೆ ಬಿಚ್ಚು. ನೋಡಿ ಆರಿಸೋದನ್ನ ಮಗುಗೇ ಬಿಡಿ.

ಮಗ್ಗಿ

ಉರು ಹೊಡೆಸ್ಬೇಕಾ? ಹೌದು. ಮೊದಲೇನಾ? ಅಲ್ಲ.

"ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ರಾಗದಲ್ಲಿ ಕಲಿತ ಮಗುಗೆ ಏಳಾರ್ಲ ಎಷ್ಟು ಅಂತ ನಡುವಿಂದ ಕೇಳಿದ್ರೆ ಮತ್ತೆ ಏಳೊಂದ್ಲದಿಂದ ಶುರು ಮಾಡಿ ಬರುತ್ತೆ, ಹಾಡನ್ನ ನಡುವಿಂದ ಹಾಡು ಅಂದ್ರೆ ನಮಗೂ ಬರಲ್ವಲ್ಲ ಹಾಗೆ. ರಾಗ ಕೆಟ್ಟದ್ದಲ್ಲ, ಕೊನೇ ಪಾಲಿಶ್ ಅದು. ಮೊದಲು ಗುಂಪು: ಮೂರು ಮೂರರ ನಾಲ್ಕು ಗುಂಪು. ಆಮೇಲೆ ಸಾಲು: ಚೌಕುಳಿ ಹಾಳೇಲಿ ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕೆ. ಗುಂಪು ಮತ್ತೆ ಸಾಲು ಎರಡರಲ್ಲಿ ಸಾಲೇ ಜಾಣ, ಯಾಕಂದ್ರೆ ಹಾಳೆ ಅಡ್ಡ ತಿರುಗಿಸಿದ್ರೆ ನಾಲ್ಕು ಸಾಲು ಮೂರು ಚುಕ್ಕೆ, ಅದೇ ಹನ್ನೆರಡು. ಈ ಒಂದು ತಿರುಗಿಸೋದರಿಂದ ಎಷ್ಟು ಭಾರ ಇಳಿಯುತ್ತೆ ಲೆಕ್ಕ ಹಾಕಿ. 10ರ ತನಕ ಮಗ್ಗಿ ಅಂದ್ರೆ 100 ಉತ್ತರ. ತಿರುಗಿಸಿದ್ರೂ ಒಂದೇ ಅಂದ್ರೆ 55. ಒಂದರದ್ದು ಹತ್ತರದ್ದು ಸುಲಭ, ಬಿಟ್ರೆ 36. ಎರಡು, ಐದು ತೆಗೆದ್ರೆ 21. ಒಂಬತ್ತರದ್ದಕ್ಕೆ ಹತ್ತರಿಂದ ಒಂದು ಸಲ ಕಳೆಯೋ ಉಪಾಯ ಇದೆ, 9×6 ಅಂದ್ರೆ 60ರಲ್ಲಿ 6 ಹೋಗಿ 54. ಅದನ್ನೂ ತೆಗೆದ್ರೆ ನಿಜವಾಗ್ಲೂ ಕೂತು ಕಲಿಯೋಕೆ ಉಳಿಯೋದು 15. ನೂರು ಅಂತ ಹೆದರಿಸೋದಕ್ಕೂ ಹದಿನೈದು ಅಂತ ಹೇಳೋದಕ್ಕೂ ಮಗು ಮುಖ ಹೇಗೆ ಬದಲಾಗುತ್ತೆ ಅಂತ ನೋಡಿದೀನಿ. ಏಳೆಂಟ್ಲ ಮರೆತ್ರೂ ಐದೆಂಟ್ಲ 40, ಎರಡೆಂಟ್ಲ 16, ಸೇರ್ಸಿ 56 ಅಂತ ಕಟ್ಕೊಳ್ಳೋಕೆ ಬಂದ್ರೆ ಮರೆಯೋ ಭಯ ಇಲ್ಲ. ಚುಕ್ಕೆ ಹಾಳೇನ ಐದನೇ ಸಾಲಿಗೆ ಮಡಚಿ ತೋರ್ಸಿ, ಕಣ್ಣಿಗೇ ಕಾಣುತ್ತೆ.

ಭಾಗಾಕಾರಕ್ಕೆ ಒಂದೇ ಮಾತು. 12÷3 ಅಂದ್ರೆ ಮೂರು ಜನಕ್ಕೆ ಹಂಚೋದೂ ಆಗ್ಬಹುದು, ಮೂರು ಮೂರರ ಗುಂಪು ಎಷ್ಟು ಅಂತಾನೂ ಆಗ್ಬಹುದು. ಬರೀ ಹಂಚೋದನ್ನೇ ಕಲಿಸ್ಬೇಡಿ.

ವರ್ಕ್‌ಶೀಟು, ಆ್ಯಪು, ಬಾಯಿಲೆಕ್ಕ

ವರ್ಕ್‌ಶೀಟ್ ಆರಿಸೋವಾಗ ಖಾಲಿ ಚೌಕ ಎಲ್ಲಿದೆ ನೋಡಿ. ಎಲ್ಲಾ ಲೆಕ್ಕದಲ್ಲೂ ಸಮ ಚಿಹ್ನೆ ಆದ್ಮೇಲೇ ಇದ್ರೆ ಆ ಪುಸ್ತಕ ಬೇಡ. ಅಂಥದ್ದನ್ನೇ ಮಾಡಿ ಮಾಡಿ ಮಕ್ಕಳು ಸಮ ಅಂದ್ರೆ "ಇಲ್ಲಿ ಉತ್ತರ ಬರಿ" ಅಂತ ಅಂದ್ಕೊಂಡ್ಬಿಡ್ತಾರೆ. 8+4=□+5 ಕೊಟ್ಟು ನೋಡಿ, ಚೌಕದಲ್ಲಿ 12 ಅಂತ ಬರೆಯೋರು ಎಷ್ಟು ಜನ ಅಂತ. ಕೆಲವರು ಎಲ್ಲಾನೂ ಕೂಡಿ 17 ಬರೀತಾರೆ. ಬರ್ಬೇಕಾದ್ದು 7.

ಹೇಳಿಕೆ ಲೆಕ್ಕದಲ್ಲಿ ಪದ ನೋಡಿ ಕೂಡು, ಪದ ನೋಡಿ ಕಳೆ ಅಂತ ಹೇಳ್ಕೊಡೋ ಗೈಡು ಇನ್ನೂ ಅಪಾಯ. "ಅಣ್ಣನ ಹತ್ರ 9 ಗೋಲಿ ಇದೆ, ಅದು ತಂಗಿ ಹತ್ರ ಇರೋದಕ್ಕಿಂತ 3 ಹೆಚ್ಚು, ತಂಗಿ ಹತ್ರ ಎಷ್ಟು?" ಹೆಚ್ಚು ಅಂತ ಕಂಡ ತಕ್ಷಣ 12. ಚಿತ್ರ ಬರೆಸಿ, ಎರಡು ಪಟ್ಟಿ ಒಂದರ ಕೆಳಗೊಂದು, ಅಣ್ಣಂದು ಉದ್ದ. ಪದಪಟ್ಟಿಗಿಂತ ಪಟ್ಟಿ ಚಿತ್ರ ನೂರು ಪಾಲು ವಾಸಿ.

ಆ್ಯಪಿಂದ ಒಂದೇ ಉಪಯೋಗ, ಗೊತ್ತಿರೋದನ್ನ ಪದೇ ಪದೇ ಮಾಡ್ಸೋದು, ಬೈಯದೇ. ಹೊಸದು ಕಲಿಸೋಕೆ ಸಾಲದು, ತಪ್ಪು ಉತ್ತರಕ್ಕೆ ಕೆಂಪು ತೋರ್ಸುತ್ತೆ ಹೊರತು 35 ಯಾಕೆ ಬಂತು ಅಂತ ಹೆಚ್ಚಿನವು ಕೇಳಲ್ಲ. ಗಡಿಯಾರ ಓಡ್ಸೋ ಆ್ಯಪ್ ಅಂತೂ ಶೂ ಒಳಗೆ ಬೆರಳು ಒತ್ತೋ ಮಕ್ಕಳಿಗೆ ಬೇಡವೇ ಬೇಡ. ದಿನಾ ಐದು ನಿಮಿಷ ಬಾಯಿಲೆಕ್ಕ, ಉತ್ತರ ಸರಿ ಬಂದ್ರೂ "ಹೇಗ್ ಮಾಡ್ದೆ?" ಅಂತ ಕೇಳೋದು, ಇದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತೆ.

ಕಡ್ಡಿ ಬ್ಲಾಕು ಎಲ್ಲ ಯಾವಾಗ ಒಳಗಿಡೋದು ಅನ್ನೋದು ಎಲ್ಲರ ಕೊನೇ ಪ್ರಶ್ನೆ. ನಾನು ತಾರೀಕು ನೋಡಲ್ಲ, ಒಂದು ಬಟ್ಟೆ ಇಟ್ಕೊಂಡಿರ್ತೀನಿ. ನಾಲ್ಕು ಕಟ್ಟು ಮೂರು ಬಿಡಿ ತೋರ್ಸಿ ಬಟ್ಟೆ ಮುಚ್ಚಿ, 18 ತೆಗೀತೀನಿ, ಒಳಗೆ ಏನೇನಾಗುತ್ತೆ ಹೇಳು ಅನ್ನಿ. "ಒಂದ್ ಕಟ್ಟು ಬಿಚ್ಬೇಕು, ಹದಿಮೂರ್ ಬಿಡಿ ಆಗುತ್ತೆ, ಎಂಟು ತೆಗೆದ್ರೆ ಐದು, ಕಟ್ಟು ಎರಡು ಉಳಿಯುತ್ತೆ" ಅಂತ ಮುಚ್ಚಿದ ಬಟ್ಟೆ ನೋಡ್ಕೊಂಡೇ ಹೇಳಿದ್ರೆ ನಾಳೆಯಿಂದ ಪೆನ್ಸಿಲ್ ಕೊಡಿ. ಅರ್ಧಕ್ಕೆ ನಿಂತು ಬಟ್ಟೆ ಕಡೆ ಕೈ ಚಾಚಿದ್ರೆ, ತೆಗೆದು ನೋಡ್ಲಿ ಬಿಡಿ.